ಬ್ರೇಕ್ ಮೇಷ್ಟ್ರ ಬಲಗಾಲು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಕ್ಕಾಬಿಕ್ಕಿಯಾದಾಗ ಮೇಷ್ಟ್ರು ಒತ್ತಲಿ ಎಂದು ಅದನ್ನು ಅಲ್ಲಿಟ್ಟಿರುತ್ತಾರೆ. ನಮ್ಮ ಮೇಷ್ಟ್ರು ಮಾತ್ರ ಅಷ್ಟು ಹೊತ್ತು ಕಾಯುವ ಜಾಯಮಾನದವರಲ್ಲ. ಮುಂದಿನ ತಿರುವಿನಲ್ಲಿ ಯಾರಾದರೂ ಅಡ್ಡ ಬಂದಾರು ಎಂದು ಈ ತಿರುವಿನಲ್ಲೇ ಒತ್ತುವವರು. ಊರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅದು ತಮ್ಮ ವಿದ್ಯೆಗೆ ಸಂದ ಬಿರುದು ಎಂದು ಅವರು ನಂಬಿದ್ದರು. ನಿಜ ಹೇಳಿ ಅವರ ಸಂತೋಷ ಕೆಡಿಸುವಷ್ಟು ಕೆಟ್ಟ ಮನಸ್ಸು ಯಾರಿಗೂ ಇರಲಿಲ್ಲ.

ಬ್ರೇಕು ಕಾರಿನಲ್ಲೇ ಉಳಿದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮನೆಗೆ ಬಂದು ಸೋಫಾದ ಮೇಲೆ ಕೂತರೂ ಅವರ ಬಲಗಾಲು ಉದ್ಯೋಗ ಬಿಡುತ್ತಿರಲಿಲ್ಲ. ಹೆಂಡತಿ ಕುದಿಯುವ ಚಹಾ ಸೋಸುವಾಗ ಒಮ್ಮೆ ಒತ್ತುವರು, ಮಗಳು ದಡಬಡ ಮೆಟ್ಟಿಲಿಳಿಯುವಾಗ ಇನ್ನೊಮ್ಮೆ ಒತ್ತುವರು. ಟೀವಿಯಲ್ಲಿ ಯಾರೋ ಕುದುರೆ ಓಡಿಸಿದರೆ ಅದನ್ನೂ ಇವರೇ ನಿಲ್ಲಿಸಬೇಕು. ಸೋಫಾದ ಮುಂದಿನ ನೆಲಹಾಸು ಒಂದೇ ಕಡೆ ಸವೆದು ನೆಲ ಇಣುಕುತ್ತಿತ್ತು. ಕಾಲಿನ ಜೊತೆಗೆ ಬಾಯಿಯೂ ಸೇರಿಕೊಂಡಿತ್ತು. "ನಿಧಾನ", "ನೋಡ್ಕೊಂಡು", "ಈಗ್ಯಾಕೆ, ಬಿಡು" ಎಂಬ ಇಷ್ಟು ಮಾತಿನಲ್ಲೇ ಅವರು ಒಂದು ಸಂಸಾರವನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದರು. ಅಡುಗೆಮನೆಗೆ ಹಳದಿ ಬಣ್ಣ ಹೊಡೆಸೋಣ ಎಂದು ಹೆಂಡತಿ ಕೇಳಿದಾಗ ಮಗಳಿಗೆ ಹಾಲುಹಲ್ಲು ಬೀಳುತ್ತಿತ್ತು. ಮಗಳು ಓದು ಮುಗಿಸಿ ನರ್ಸ್ ಆದರೂ ಗೋಡೆ ಹೊಗೆಯ ಬಣ್ಣದಲ್ಲೇ ಇತ್ತು.

ಆ ಮಗಳಿಗೆ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವುದು. ಕಾರು ಆಸ್ಪತ್ರೆಯದೇ, ಲೈಸೆನ್ಸ್ ಮಾತ್ರ ನಿನ್ನದಿರಬೇಕು ಎಂದರು ಅಲ್ಲಿಯವರು. ಅಪ್ಪನೇ ಡ್ರೈವಿಂಗ್ ಮೇಷ್ಟ್ರಾಗಿರುವಾಗ ಅದೇನು ಮಹಾ ಎಂದು ಎಲ್ಲರೂ ಅಂದುಕೊಂಡರು. ಅವಳು ಸಲೀಸಾಗಿ ಗೇರು ಬದಲಿಸಿದಳು, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತಿರುವು ತೆಗೆದುಕೊಂಡಳು. ಪರೀಕ್ಷೆಯ ದಿನ ಬಿಳಿ ಗೆರೆಯ ಹತ್ತಿರ ಗಾಡಿ ನಿಲ್ಲಿಸು ಎಂದಾಗ ನೆಟ್ಟಗೆ ಗೆರೆ ದಾಟಿ ಹೋದಳು. ಎರಡನೇ ಸಲವೂ ಅದೇ ಕಥೆ. ಪಕ್ಕದಲ್ಲಿ ಕೂತಿದ್ದ ಇನ್ಸ್‌ಪೆಕ್ಟರು ತಾವೇ ಬ್ರೇಕ್ ಒತ್ತಿ ಇಳಿದು ಬಂದರು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ" ಎಂದರು. "ನಿಮ್ಮ ಶಿಷ್ಯರದ್ದೆಲ್ಲ ಇದೇ ಪಾಡು. ಓಡಿಸೋದು ಚೆನ್ನಾಗಿ ಬರುತ್ತೆ. ನಿಲ್ಲಿಸೋದೊಂದು ಬರಲ್ಲ."

ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಮಗಳ ಕಡೆ ತಿರುಗಿದರು. "ಬ್ರೇಕ್ ಎಲ್ಲಿದೆ ಅಂತಾನೂ ಗೊತ್ತಿಲ್ವೇನೇ ನಿಂಗೆ?"

"ಗೊತ್ತಿದೆ ಅಪ್ಪ. ಆದ್ರೆ ಗಾಡಿ ತಾನಾಗೇ ನಿಲ್ಲುತ್ತೆ ಅಂದ್ಕೊಂಡೆ. ಯಾವಾಗ್ಲೂ ನಿಲ್ತಿತ್ತಲ್ಲ."

ಮನೆಯ ಗೇಟಿನ ಹತ್ತಿರ ಮಗಳು ಹೇಳಿದಳು, "ಇನ್ನೊಂದ್ಸಲ ಫೇಲಾದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ. ನಾನು ಬೇರೆ ಸ್ಕೂಲಿಗೆ ಸೇರ್ಕೋತೀನಿ ಅಪ್ಪ. ನಿನ್ನ ಪಕ್ಕ ಕೂತ್ರೆ ನಂಗೆ ಏನೂ ಬರಲ್ಲ ಅನ್ಸುತ್ತೆ."

ಕಾರು ಓಡಿಸಲು ಬರಲ್ಲ ಎಂದಿದ್ದರೆ ಮೇಷ್ಟ್ರು ಸಹಿಸುತ್ತಿದ್ದರು. ಏನೂ ಬರಲ್ಲ ಎಂದದ್ದು ಎದೆಗೆ ನಾಟಿತು. ಇನ್ನೊಂದೇ ಒಂದು ಅವಕಾಶ ಕೊಡು ಎಂದು ಮಗಳನ್ನು ಕೇಳಿಕೊಂಡರು. ಅಪ್ಪ ಯಾರನ್ನೂ ಏನನ್ನೂ ಕೇಳಿಕೊಂಡದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಹೂಂ ಎಂದಳು.

ಆಮೇಲೆ ಬಲಗಾಲು ನೋಯತೊಡಗಿತು. ಮೇಷ್ಟ್ರು ಮೂಳೆ ಡಾಕ್ಟರ ಬಳಿ ಹೋದರು. ಡಾಕ್ಟರು ಕಾಲನ್ನು ತಿರುಗಿಸಿ ಮುರುಗಿಸಿ ನೋಡಿದರು, ಎಕ್ಸ್‌ರೇ ತೆಗೆಸಿದರು, ಕಾಲು ಗಟ್ಟಿಮುಟ್ಟಾಗಿದೆ ಎಂದರು. ನಿದ್ದೆ ಹೇಗಿದೆ, ಸಿಟ್ಟು ಹೇಗಿದೆ ಎಂದು ಕೇಳಿ, ಕೆಳಗಿನ ಮಹಡಿಯಲ್ಲಿ ಆಪ್ತ ಸಮಾಲೋಚಕಿ ಒಬ್ಬರಿದ್ದಾರೆ, ಒಮ್ಮೆ ಮಾತಾಡಿ ನೋಡಿ ಎಂದರು.

"ನಂಗೇನು ತಲೆ ಕೆಟ್ಟಿದೆಯಾ ಡಾಕ್ಟ್ರೇ?"

"ತಲೆ ಕೆಟ್ಟವರಷ್ಟೇ ಹೋಗೋದಾದ್ರೆ ಅಲ್ಲಿ ಅಷ್ಟು ಜನ ಯಾಕೆ ಇರ್ತಿದ್ರು?"

ಮೇಷ್ಟ್ರು ಕಳ್ಳನ ಹಾಗೆ ಅತ್ತಿತ್ತ ನೋಡಿ ಮೆಟ್ಟಿಲಿಳಿದರು. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತರು. ಪೇಪರು ತಲೆಕೆಳಗಾಗಿತ್ತು. ಪಕ್ಕದ ಕುರ್ಚಿಯವಳೇ ಅದನ್ನು ಅವರಿಗೆ ಹೇಳಿದಳು. ಅವಳು ಬೇಕರಿಯವಳು, ಇವರ ಹಳೆಯ ಶಿಷ್ಯೆ.

"ಸುಮ್ನೆ ಹೀಗೇ ಬಂದೆ. ಕಾಲು ನೋವು" ಎಂದರು ಮೇಷ್ಟ್ರು.

"ನಾನು ಬರೋಕೆ ಶುರು ಮಾಡಿ ಸುಮಾರು ದಿನ ಆಯ್ತು ಮೇಷ್ಟ್ರೇ" ಎಂದಳು ಅವಳು, ತರಕಾರಿ ಅಂಗಡಿಗೆ ಬಂದವಳಷ್ಟು ನಿರಾಳವಾಗಿ. "ಯಾರು ಏನು ಕೇಳಿದ್ರೂ ಹೂಂ ಅಂದ್ಬಿಡ್ತಿದ್ದೆ. ಆಮೇಲೆ ಮನೆಗೆ ಹೋಗಿ ಪಾತ್ರೆ ಕುಕ್ತಿದ್ದೆ. ಈಗ ಊಹೂಂ ಅನ್ನೋದು ಕಲೀತಿದೀನಿ. ಪಾತ್ರೆಗಳೂ ಉಳ್ಕೊಂಡಿವೆ."

ಇಷ್ಟಕ್ಕೆಲ್ಲ ಜನ ಇಲ್ಲಿಗೆ ಬರುತ್ತಾರೆಯೇ ಎಂದು ಮೇಷ್ಟ್ರಿಗೆ ಸೋಜಿಗವಾಯಿತು. ತಮ್ಮ ಕಾಲು ಅದಕ್ಕಿಂತ ದೊಡ್ಡ ಕಾಯಿಲೆಯೋ ಸಣ್ಣ ಕಾಯಿಲೆಯೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಒಳಗೆ ಕರೆದರು.

ಸಮಾಲೋಚಕಿ ವಯಸ್ಸಿನಲ್ಲಿ ಚಿಕ್ಕವಳು. ಮೇಜಿನ ಅಂಚಿನಲ್ಲಿ ಅವಳ ಚಹಾದ ಕಪ್ಪು ಇತ್ತು, ಅರ್ಧ ಹೊರಗೆ ಅರ್ಧ ಒಳಗೆ. ಮೇಷ್ಟ್ರು ಅವಳ ಮಾತು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಕಣ್ಣು ಕಪ್ಪಿನ ಮೇಲೆ, ಕಾಲು ನೆಲದ ಮೇಲೆ.

"ಏನು ನೋಡ್ತಿದೀರಿ ಸರ್?"

"ಆ ಕಪ್ಪು ಬೀಳುತ್ತೆ ಮೇಡಂ."

"ಬಿದ್ರೆ?"

"ಒಡೆದುಹೋಗುತ್ತೆ."

"ಒಡೆದ್ರೆ?"

ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ತುಂಬ ಯೋಚಿಸಿ, "ಗುಡಿಸ್ಬೇಕಾಗುತ್ತೆ" ಎಂದರು. ಹೇಳಿದ ಮೇಲೆ ಇಷ್ಟೇನಾ ಅನ್ನಿಸಿತು. ಆದರೂ ಕಾಲು ಒತ್ತಿಕೊಂಡೇ ಇತ್ತು.

ಅವಳು ಕಪ್ಪನ್ನು ಒಳಗೆ ಸರಿಸಲಿಲ್ಲ. ಯಾವುದಾದರೂ ಅಪಘಾತ ಆಗಿತ್ತೇ ಎಂದು ಕೇಳಿದಳು. ಮೇಷ್ಟ್ರು ಎದೆಯುಬ್ಬಿಸಿದರು. ಅಪಘಾತವೇ? ಇಷ್ಟು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ. ಮಗಳು ಮಂಡಿ ತರಚಿಕೊಳ್ಳದೆ ಬೆಳೆದಳು. ಮನೆಯಲ್ಲಿ ಯಾರ ಕೈಗೂ ಬಿಸಿ ತಾಗಿಲ್ಲ. ಹೇಳುತ್ತ ಹೇಳುತ್ತ ಅವರ ದನಿ ಯಾಕೋ ಇಳಿಯುತ್ತ ಹೋಯಿತು. ತಮಗೇನೂ ಕಷ್ಟವಿಲ್ಲ, ದೊಡ್ಡ ದೊಡ್ಡ ದುಃಖ ಇರುವವರ ಹೊತ್ತು ಹಾಳು ಮಾಡಲು ಬಂದೆನೇನೋ ಎಂದು ನಾಚಿಕೊಂಡರು.

"ಏನೂ ಆಗದೇ ಇರ್ಲಿ ಅಂತ ಎಷ್ಟು ದುಡಿದಿದೀರಿ ಸರ್ ನೀವು" ಎಂದಳು ಅವಳು. "ಸುಸ್ತಾಗಲ್ವಾ?"

ಮೇಷ್ಟ್ರಿಗೆ ಸುಸ್ತಾಗಿತ್ತು, ಅದೂ ಇಂದು ನಿನ್ನೆಯದಲ್ಲ. ಮಗಳು ಹುಟ್ಟಿದಂದಿನಿಂದ ಅವರು ಒಂದು ದಿನವೂ ಬೆನ್ನು ಒರಗಿಸಿ ಕೂತವರಲ್ಲ. ಕಣ್ಣು ಒದ್ದೆಯಾಯಿತು. ನಿಮ್ಮ ಫ್ಯಾನಿನಲ್ಲಿ ಬಹಳ ಧೂಳಿದೆ ಮೇಡಂ ಎಂದರು. ಫ್ಯಾನು ತಿರುಗುತ್ತಿರಲಿಲ್ಲ. ಅವಳು ಅದನ್ನು ಎತ್ತಿ ಆಡಲಿಲ್ಲ.

ಹೊರಡುವಾಗ ಮನೆಪಾಠ ಕೊಟ್ಟಳು. ನಿಜವಾದ ಅಪಾಯವಿದ್ದರೆ ಬ್ರೇಕ್ ಒತ್ತಿ, ನಿಮ್ಮ ಕೆಲಸವೇ ಅದು. ಉಳಿದ ಹೊತ್ತಿನಲ್ಲಿ, ಒತ್ತುವ ಮುಂಚೆ ಒಂದು ಉಸಿರು ಪೂರ್ತಿ ಬಿಡಿ. ಮೊದಲು ಮನೆಯಲ್ಲಿ ಅಭ್ಯಾಸ ಮಾಡಿ.

ಮನೆಯಲ್ಲಿ ಹೆಂಡತಿ ಚಹಾ ಸೋಸುತ್ತಿದ್ದಳು. ಮೇಷ್ಟ್ರು ಸೋಫಾದಲ್ಲಿ ಹಲ್ಲು ಕಚ್ಚಿ ಕೂತು ಉಸಿರು ಬಿಟ್ಟರು. ಚಹಾ ಲೋಟದೊಳಕ್ಕೇ ಬಿತ್ತು. "ನಿಧಾನ" ಕೇಳಿಸದೇ ಇದ್ದದ್ದಕ್ಕೆ ಹೆಂಡತಿಯೇ ಗಾಬರಿಯಾಗಿ ಓಡಿಬಂದಳು.

"ರೀ, ಯಾಕೆ ಹೀಗಿದೀರಿ? ಎದೆ ನೋವಾ?"

"ಏನಿಲ್ಲ ಕಣೆ. ಆ ಗೋಡೆಗೆ ಹಳದಿ ಬಣ್ಣ ಹೊಡೆಸ್ಬಿಡು."

ಅವಳು ಅವರ ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ಸಂಜೆಯೊಳಗೆ ಬಣ್ಣದ ಡಬ್ಬಿ ಮನೆಗೆ ಬಂತು, ಗಂಡನ ಮನಸ್ಸು ಬದಲಾಗುವಷ್ಟು ಪುರುಸೊತ್ತು ಕೊಡಬಾರದಲ್ಲ.

ಇಷ್ಟಕ್ಕೇ ಮೇಷ್ಟ್ರು ಸುಧಾರಿಸಿಬಿಟ್ಟರು ಎಂದುಕೊಳ್ಳಬೇಡಿ. ಮರುವಾರವೇ ಬಣ್ಣ ಬಳಿಯುವವನ ಏಣಿ ನೋಡಿ ಇಡೀ ಮನೆ ಬೆಚ್ಚಿಬೀಳುವಂತೆ ಕೂಗಿದರು. ಮತ್ತೆ ಸಮಾಲೋಚಕಿಯ ಬಳಿ ಹೋದರು, ಮತ್ತೆ ಉಸಿರು ಬಿಟ್ಟರು. ಕಲಿಯುವವರ ಪೈಕಿ ಕೆಲವರು ತಾವೇ ಬ್ರೇಕ್ ಒತ್ತಿ, ಒತ್ತಿದ್ದಕ್ಕೆ ತಾವೇ ಬೆಪ್ಪಾಗಿ ಮೇಷ್ಟ್ರ ಮುಖ ನೋಡಿದರು. ಮಗಳ ಪಾಠ ಮಾತ್ರ ಅವರಿಗೆ ಒಗ್ಗಲಿಲ್ಲ. ಬೇರೆಯವರ ಮಕ್ಕಳ ಪಕ್ಕ ಉಸಿರು ಬಿಡುವುದು ಸುಲಭ. ತನ್ನ ಮಗಳ ಪಕ್ಕ ಕೂತರೆ ಉಸಿರಿಗಿಂತ ಕಾಲೇ ಮುಂದೆ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಪ್ಪ ಮಗಳು ಗೋದಾಮಿನ ಹಿಂದಿನ ಖಾಲಿ ಅಂಗಳಕ್ಕೆ ಹೋದರು. ಅಂಗಳದ ಕೊನೆಗೆ ಗೋದಾಮಿನ ಗೋಡೆ, ಗೋಡೆಗಿಂತ ಸಾಕಷ್ಟು ಈಚೆಗೆ ನೆಲದ ಮೇಲೆ ಸುಣ್ಣದಲ್ಲಿ ಎಳೆದ ಗೆರೆ. ಮಗಳು ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ಮೇಷ್ಟ್ರು ಚಪ್ಪಲಿ ಬಿಟ್ಟು, ಎರಡು ಕಾಲನ್ನೂ ಸೀಟಿನ ಮೇಲೆ ಮಡಚಿ, ಬಲಗಾಲಿನ ಮೇಲೆ ಭದ್ರವಾಗಿ ಕೂತರು. ಬೆಲ್ಟು ಹಾಕಿಕೊಳ್ಳಲು ಪರದಾಡಿದರು. ಮಗಳು ಮುಂದಿನ ಗೆರೆ ನೋಡುತ್ತಿದ್ದಳೇ ಹೊರತು ಅಪ್ಪನನ್ನು ನೋಡಲಿಲ್ಲ.

"ಹೋಗು" ಎಂದರು. ನಿಧಾನ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡರು.

ಗಾಡಿ ಹೊರಟಿತು. ಗೋಡೆ ಹತ್ತಿರವಾಯಿತು. ಮೇಷ್ಟ್ರ ತೊಡೆ ಬಿಗಿಯಿತು, ಮೈಯ ಭಾರವನ್ನೆಲ್ಲ ಆ ಕಾಲಿನ ಮೇಲೆ ಹೇರಿ, ಒಂದು ಉಸಿರನ್ನು ತಳ ಕಾಣುವವರೆಗೆ ಬಿಟ್ಟರು. ಗಾಡಿ ಮೆಲ್ಲಗಾಯಿತು. ಸುಣ್ಣದ ಗೆರೆಗೆ ಮುಂಚೆ, ಮಗು ಹಾಲು ಕುಡಿದು ಮಲಗಿದಷ್ಟು ಸದ್ದಿಲ್ಲದೆ ನಿಂತಿತು.

ಮಗಳು ಸ್ಟಿಯರಿಂಗ್ ಬಿಡಲಿಲ್ಲ. ಮುಂದೆ ನೋಡಿಕೊಂಡೇ ಸಣ್ಣ ದನಿಯಲ್ಲಿ ಕೇಳಿದಳು.

"ನೀನು ಒತ್ತಿದ್ದಾ ಅಪ್ಪ?"

ಇಷ್ಟು ವರ್ಷ ಅವಳಿಗೆ ಇದು ಗೊತ್ತೇ ಆಗಿರಲಿಲ್ಲ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಕಾರಿನಲ್ಲಷ್ಟೇ ಅಲ್ಲ. ಅವಳ ಬದುಕಿನಲ್ಲಿ ಯಾವುದು ಅವಳಾಗಿ ನಿಲ್ಲಿಸಿದ್ದು, ಯಾವುದು ಅಪ್ಪ ನಿಲ್ಲಿಸಿದ್ದು ಎಂದು ತಿಳಿಯುವ ದಾರಿಯನ್ನೇ ಅವರು ಬಿಟ್ಟಿರಲಿಲ್ಲ.

"ಇಲ್ಲ ಕಣಮ್ಮ. ಇಲ್ನೋಡು."

ಅವಳು ತಿರುಗಿ ನೋಡಿದಳು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಬೆಲ್ಟಿನಲ್ಲಿ ಸಿಕ್ಕಿಕೊಂಡು, ತನ್ನ ಕಾಲಿನ ಮೇಲೆ ತಾನೇ ಕೂತ ಅಪ್ಪ. ಮೊದಲು ನಗು ಬಂತು, ಹಿಂದೆಯೇ ಅಳು ಬಂತು. ಎರಡನ್ನೂ ಅವಳು ತಡೆಯಲಿಲ್ಲ.

"ಕಾಲು ಜೋಮು ಹಿಡಿದಿದೆ" ಎಂದರು ಮೇಷ್ಟ್ರು. "ಇಳಿಯೋಕೆ ಆಗ್ತಿಲ್ಲ. ಇನ್ನೊಂದು ಸುತ್ತು ಹೋಗೋಣ, ಓಡಿಸು."