ಮುನಿರಾಜು ಹಾಕಿದ ಮೆಮೊರಿ

ಮುನಿರಾಜು, ಅಂಜಿನಪ್ಪನವರ ಹೆಸರನ್ನು ಲಗ್ನಪತ್ರಿಕೆಯಿಂದ ಬಿಟ್ಟವಳು ನಾನು. ನೀನು ಹಾಕಿಕೊಟ್ಟ ಅಗ್ಗದ ಮೆಮೊರಿ ಆ ಹೆಸರನ್ನು ತಿಂದುಹಾಕಿತು ಎಂದು ಊರಿಗೆಲ್ಲ ಹೇಳಿದವಳೂ ನಾನೇ. ಏಳು ವರ್ಷದ ಹಿಂದಿನ ಮಾತು, ಈಗ ಯಾಕೆ ಕೆದಕುತ್ತೀಯ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಕೆದಕುತ್ತೇನೆ. ಮುಚ್ಚಿಟ್ಟವಳು ನಾನಾದ ಮೇಲೆ ಕೆದಕುವವಳೂ ನಾನೇ ಆಗಬೇಕು.

ಇದು ನಿನಗೆ ಬರೆದ ಕಾಗದ, ಆದರೆ ಊರಿನವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಹೇಳಬೇಕಾಗಿದೆ. ಬೂದಿಗೆರೆ ಹತ್ತಿರದ ನಮ್ಮ ವಿಜಯಪುರದ ಬಸ್ ಸ್ಟ್ಯಾಂಡ್ ಪಕ್ಕ ನನ್ನದು ಟೈಪಿಂಗ್ ಅಂಗಡಿ — ಅರ್ಜಿ, ಜೆರಾಕ್ಸ್, ಪಹಣಿ, ಲಗ್ನಪತ್ರಿಕೆ. ಎರಡು ಅಂಗಡಿ ಆಚೆಗೆ ನೀನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ನನ್ನ ಕಂಪ್ಯೂಟರ್ ಆಗ ಮುದಿ ಎತ್ತಿನ ಹಾಗೆ ನಡುದಾರಿಯಲ್ಲೇ ಮಲಗಿಬಿಡುತ್ತಿತ್ತು. ಗಣಪತಿ ಚಿತ್ರವಿರುವ ಒಂದು ಪತ್ರಿಕೆ ತೆರೆಯುವಷ್ಟರಲ್ಲಿ ಗಿರಾಕಿಗಳು ಟೀ ಕುಡಿದು ಬರುತ್ತಿದ್ದರು. ಒಂದು ದಿನ ನೀನು ಗೇಣಿಗಿಂತ ಚಿಕ್ಕದಾದ ಒಂದು ಹಸಿರು ಪಟ್ಟಿ ತಂದೆ. ರ‍್ಯಾಮ್ ಎನ್ನುತ್ತಾರಲ್ಲ, ಆ ಮೆಮೊರಿ. ಅದರ ಮೇಲೆ ಯಾವ ದೊಡ್ಡ ಕಂಪನಿಯ ಹೆಸರೂ ಇರಲಿಲ್ಲ.

"ಇದು ತಡ್ಕೊಳುತ್ತೇನಪ್ಪಾ?" ಎಂದೆ.

"ನಿನ್ ಕೆಲ್ಸಕ್ಕೆ ಇದು ಸಾಕು ಕಣಕ್ಕ. ನೀನೇನು ಸಿನಿಮಾ ಎಡಿಟ್ ಮಾಡ್ತೀಯಾ? ಕೆಟ್ರೆ ನಾನಿಲ್ವಾ?"

ಅದು ಕೆಡಲಿಲ್ಲ. ಕೆಟ್ಟವಳು ನಾನು.

ಬೂದಿಗೆರೆಯ ಚನ್ನರಾಯಪ್ಪನವರ ಮಗಳ ಮದುವೆ. ನಮ್ಮ ಕಡೆ ಪತ್ರಿಕೆಯಲ್ಲಿ ಮುಹೂರ್ತ ಹತ್ತು ನಿಮಿಷ ಹಿಂದುಮುಂದಾದರೆ ಯಾರೂ ಕೇಳುವುದಿಲ್ಲ. ಸುಖಾಗಮನ ಬಯಸುವವರ ಸಾಲಿನಲ್ಲಿ ಒಂದು ಹೆಸರು ಹಿಂದುಮುಂದಾದರೆ ನೆಂಟಸ್ತಿಕೆಯೇ ಮುಗಿಯುತ್ತದೆ. ಅವರು ಬಂದು ಒಂದೊಂದೇ ಹೆಸರಿಗೆ ಬೆರಳಿಟ್ಟು ನೋಡಿ, ಸರಿ ಎಂದು ಹೇಳಿ ಹೋಗಿದ್ದರು. ಸಂಜೆ ಮತ್ತೆ ಫೋನ್ ಮಾಡಿದರು.

"ನಮ್ಮಣ್ಣ ಅಂಜಿನಪ್ಪನ ಹೆಸ್ರು ಎಲ್ರಿಗಿಂತ ಮೇಲೆ ಬರ್ಲಮ್ಮ. ಆಸ್ತಿ ಭಾಗ ಆದ್ಮೇಲೆ ಮಾತೇ ಬಿಟ್ಟಿದ್ರು, ಈಗ ಮನೆಗೆ ಬರ್ತೀನಿ ಅಂದವ್ರೆ."

ಕೆಳಗಿದ್ದ ಆ ಸಾಲನ್ನು ಕಟ್ ಮಾಡಿದೆ. ಮೇಲೆ ಪೇಸ್ಟ್ ಮಾಡಬೇಕು — ಅಷ್ಟರಲ್ಲಿ ಆದಾಯ ಪ್ರಮಾಣಪತ್ರದ ಅರ್ಜಿಗೆಂದು ಒಬ್ಬ ಹೆಂಗಸು ಓಡಿ ಬಂದಳು, ಬಸ್ ಹೋಗಿಬಿಡುತ್ತದೆ ಎಂದಳು. ಅವಳ ಹಳೆಯ ಅರ್ಜಿಯಿಂದ ವಿಳಾಸವನ್ನು ಕಾಪಿ ಮಾಡಿದೆ. ಇನ್ನೊಂದನ್ನು ಕಾಪಿ ಮಾಡಿದ ತಕ್ಷಣ ಮೊದಲು ಕಟ್ ಮಾಡಿದ್ದು ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಎಷ್ಟೋ ಹುಡುಗಿಯರಿಗೆ ಕಲಿಸಿದವಳು ನಾನು. ಅವಳನ್ನು ಕಳಿಸಿ, ಪತ್ರಿಕೆಯನ್ನು ಇನ್ನೊಮ್ಮೆ ನೋಡದೆ ಪ್ರೆಸ್ಸಿಗೆ ಕಳಿಸಿಬಿಟ್ಟೆ.

ಪತ್ರಿಕೆಗಳು ಅಚ್ಚಾಗಿ, ಅರ್ಧ ಹಂಚಿಯೂ ಆಗಿತ್ತು. ಚನ್ನರಾಯಪ್ಪನವರು ನಾಲ್ಕು ಜನ ನೆಂಟರ ಜೊತೆ ಅಂಗಡಿಗೆ ಬಂದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ — ಇಲ್ಲ, ಆಗಲೂ ಅದನ್ನೇ ಹೇಳುತ್ತಿದ್ದೆ.

"ನಮ್ಮಣ್ಣನ ಹೆಸರೆಲ್ಲಮ್ಮಾ?"

"ನಾನು ಹಾಕಿದ್ದೆ ಕಣಣ್ಣಾ. ಆ ಮುನಿರಾಜು ಅಗ್ಗದ ಮೆಮೊರಿ ಹಾಕ್ಬಿಟ್ಟವ್ನೆ. ಅದೇ ತಿಂದ್ಹಾಕ್ಬಿಡ್ತು."

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನನಗೆ ಕುಣಿಯಲು ಚೆನ್ನಾಗಿ ಬರುತ್ತಿತ್ತು, ಆದರೂ ನೆಲ ಡೊಂಕು ಎಂದೆ. ಅವರು ನಂಬಿದರು. ಕಂಪ್ಯೂಟರಿನ ಒಳಗೆ ಏನು ಏನನ್ನು ತಿನ್ನುತ್ತದೋ ಅವರಿಗೇನು ಗೊತ್ತು? ಅಂಜಿನಪ್ಪನವರು ಮದುವೆಗೆ ಬರಲಿಲ್ಲ. ಮಾರನೆಯ ದಿನ ನೀನು ಬಂದೆ.

"ಅಕ್ಕಾ, ಮೆಮೊರಿ ಕೆಟ್ರೆ ಕಂಪ್ಯೂಟ್ರೇ ನಿಂತ್ಹೋಗುತ್ತೆ, ಫೈಲೇ ಓಪನ್ ಆಗಲ್ಲ. ಅಷ್ಟು ಹೆಸ್ರಲ್ಲಿ ಒಂದನ್ನೇ ಆರಿಸ್ಕೊಂಡು ತಿನ್ನುತ್ತಾ?"

ಬೆಳಿಗ್ಗೆಯಿಂದ ಸಂಜೆಯವರೆಗೆ ನೀನು ನನ್ನ ಎದುರಿಗೇ ಕೂತು ಮೆಮೊರಿಯ ಪರೀಕ್ಷೆ ಓಡಿಸಿದೆ. ಒಂದೇ ಒಂದು ತಪ್ಪು ಬರಲಿಲ್ಲ. ಪರದೆಯನ್ನು ನನ್ನ ಕಡೆಗೆ ತಿರುಗಿಸಿ ನನ್ನ ಮುಖ ನೋಡಿದೆ. ಆಗಲಾದರೂ — ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು — ಆಗಲಾದರೂ ಹೇಳಬಹುದಿತ್ತು. "ಟೆಸ್ಟ್ ಮಾಡ್ವಾಗ ಎಲ್ಲಾ ಸರೀಗೇ ಇರುತ್ತಪ್ಪ" ಎಂದೆ. ಅವರು ನಕ್ಕರು. ನೀನು ಪರದೆಯನ್ನು ಮತ್ತೆ ಮೊದಲಿದ್ದ ಹಾಗೆ ತಿರುಗಿಸಿಟ್ಟು ಹೊರಟುಹೋದೆ. ಮೊದಲನೆಯ ಸುಳ್ಳು ಗಾಬರಿಯಲ್ಲಿ ಬಂದದ್ದು ಎಂದುಕೊಂಡರೂ, ಇದು ನಾನು ಯೋಚಿಸಿಯೇ ಹೇಳಿದ್ದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ನೀನು ಹಾಕಿದ್ದ ಮೆಮೊರಿಯನ್ನು ರೇಷ್ಮೆ ಮಿಲ್ಲಿನವರು ಕಿತ್ತು ಎಸೆದರು, ಟ್ಯೂಷನ್ ಮೇಷ್ಟ್ರೂ ಕಿತ್ತರು. ಎಲ್ಲ ಸರಿಯಾಗಿ ಓಡುತ್ತಿದ್ದವು. ವರ್ಷ ತುಂಬುವ ಮೊದಲೇ ನೀನು ಅಂಗಡಿಗೆ ಬೀಗ ಹಾಕಿ, ಹೊಸಕೋಟೆಯ ಕಡೆ ಯಾವುದೋ ಗೋಡೌನಿನಲ್ಲಿ ಪಾರ್ಸೆಲ್ ಎತ್ತಿಡುವ ಕೆಲಸಕ್ಕೆ ಸೇರಿದೆ. ಕಂಪ್ಯೂಟರ್ ಬಿಚ್ಚುವಾಗ ನಿನ್ನ ಕೈ ಎಷ್ಟು ಹಗುರವಾಗಿರುತ್ತಿತ್ತು ಎಂದು ನಾನು ನೋಡಿದ್ದೇನೆ. ಆ ಕೈಯಿಂದ ಆ ಕೆಲಸ ಕಿತ್ತುಕೊಂಡವಳು ನಾನು. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಇನ್ನೊಂದು ಸುಳ್ಳೂ ಇದೆ. ಮೆಮೊರಿ ಬದಲಾಯಿಸಿದೆಯಾ ಎಂದು ಕೇಳಿದವರಿಗೆಲ್ಲ, ಒಳ್ಳೆ ಕಂಪನಿಯದು ಹಾಕಿಸಿದ್ದೇನೆ ಎಂದೆ. ಯಾಕೆ ಹಾಕಿಸಲಿ? ಕೆಟ್ಟಿರಲಿಲ್ಲವಲ್ಲ! ಏಳು ವರ್ಷದಿಂದ ಅದೇ ಪಟ್ಟಿ ಓಡುತ್ತಿದೆ. ಬೇಸಿಗೆಯಲ್ಲಿ ತಗಡಿನ ಕೆಳಗೆ ಕಾದಿದೆ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬಂದರೂ ತಡೆದುಕೊಂಡಿದೆ. ದೊಡ್ಡ ಆಟ ಆಡುವವರಿಗೆ, ವಿಡಿಯೋ ಕತ್ತರಿಸಿ ಜೋಡಿಸುವವರಿಗೆ ಅದು ಸಾಲದಿರಬಹುದು. ಅರ್ಜಿ ಟೈಪ್ ಮಾಡುವವರಿಗೆ, ಮಕ್ಕಳ ಓದಿಗೆ, ದಿನನಿತ್ಯದ ಕೆಲಸಕ್ಕೆ ಬೇಕಾದಷ್ಟಾಯಿತು. ಅಗ್ಗದ್ದೆಲ್ಲ ಮೋಸ ಎನ್ನುವ ದೊಡ್ಡ ಮನುಷ್ಯರು ಬಂದು ನನ್ನ ಅಂಗಡಿಯಲ್ಲಿ ಒಂದು ದಿನ ಕೂತು ನೋಡಲಿ. ಮೋಸ ಇದ್ದದ್ದು ಕೀಬೋರ್ಡಿನ ಈಚೆ ಕಡೆ, ಕುರ್ಚಿಯ ಮೇಲೆ.

ಹೋದ ತಿಂಗಳು ಒಬ್ಬ ತಾಯಿ ಬಂದಿದ್ದರು. ಊರಿಗೆ ಹೊಸಬರು.

"ಅಕ್ಕಾ, ನಮ್ ಹುಡ್ಗಿ ಕಂಪ್ಯೂಟ್ರು ನಿಧಾನ. ಯಾವ್ ಮೆಮೊರಿ ಹಾಕಿಸ್ಲಿ? ಮುನಿರಾಜು ಮಾಲು ಮಾತ್ರ ಬ್ಯಾಡ."

"ಮುನಿರಾಜು ಯಾರು, ಗೊತ್ತೇನಮ್ಮ?"

"ಆ ಹೆಸ್ರಿನವ್ರು ಯಾರಾದ್ರೂ ಇದಾರಾ? ಡೂಪ್ಲಿಕೇಟ್ ಮಾಲಿಗೆ ಇಲ್ಲಿ ಹಂಗಂತಾರಲ್ವಾ?"

ನಿನ್ನನ್ನು ಕಂಡೇ ಇಲ್ಲದವರ ಬಾಯಲ್ಲಿ ನಿನ್ನ ಹೆಸರು ಹೀಗಾಗಿದೆ, ಮುನಿರಾಜು. "ಕಡ್ಮೆ ಬೆಲೇದೇ ಹಾಕ್ಸಮ್ಮ, ಸಾಕು. ಈ ಕಂಪ್ಯೂಟ್ರಲ್ಲಿರೋದೂ ಮುನಿರಾಜು ಹಾಕಿದ್ದೇ" ಎಂದೆ. ಏಳು ವರ್ಷದಲ್ಲಿ ನಾನು ಆಡಿದ ಮೊದಲ ನಿಜ ಅದು.

ಅವತ್ತೇ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದೆ. "ಅಂಜಿನಪ್ಪನವರ ಹೆಸರು ಬಿಟ್ಟವಳು ನಾನು. ಮುನಿರಾಜು ಹಾಕಿದ ಮೆಮೊರಿಯಲ್ಲಿ ಯಾವ ದೋಷವೂ ಇರಲಿಲ್ಲ." ಇನ್ನು ಯಾರು ಪತ್ರಿಕೆ ಮಾಡಿಸಲು ಬರುತ್ತಾರೆ ಎಂದು ಯಜಮಾನರು ಕಿತ್ತುಹಾಕಿದರು. ಇನ್ನೊಂದು ಅಂಟಿಸಿದೆ. ಅದನ್ನೂ ಕಿತ್ತರು. ಮೂರನೆಯದನ್ನು ಗಾಜಿನ ಒಳಗಡೆಯಿಂದ ಅಂಟಿಸಿ, ಅಂಗಡಿಯ ಬೀಗದ ಕೈ ನನ್ನ ಸೆರಗಿಗೆ ಕಟ್ಟಿಕೊಂಡಿದ್ದೇನೆ. ಈ ಸೀಸನ್ನಿನಲ್ಲಿ ಒಂದೇ ಒಂದು ಲಗ್ನಪತ್ರಿಕೆ ಬಂದಿಲ್ಲ. ಬಾರದಿರಲಿ.

ನಿನ್ನೆ ಚನ್ನರಾಯಪ್ಪನವರು ಬಂದು, ನಿಂತು, ಎರಡು ಸಲ ಓದಿದರು.

"ಏಳು ವರ್ಷ ನಿಂಗೆ ಬಾಯಿರ್ಲಿಲ್ವೇನಮ್ಮಾ?"

"ಇತ್ತಣ್ಣ. ಸುಳ್ಳು ಹೇಳಿದ್ದು ಅದೇ ಬಾಯೇ."

ಅವರು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಕ್ಷಮಿಸು ಎಂದು ಕೇಳಲು ನಾನು ಇದನ್ನು ಬರೆಯಲಿಲ್ಲ, ಮುನಿರಾಜು. ನೀನು ಕ್ಷಮಿಸಲೂ ಬೇಡ. ನಿನ್ನ ಹೆಸರು ನಿನಗೆ ವಾಪಸ್ಸು ಬರಬೇಕು, ಅಷ್ಟೇ. ಕಳಪೆ ಮಾಲಿಗೆ ಈ ಊರಿಗೆ ಒಂದು ಹೆಸರು ಬೇಕೇ ಬೇಕು ಎನ್ನುವುದಾದರೆ ಇನ್ನು ಮೇಲೆ ನನ್ನದನ್ನು ಇಟ್ಟುಕೊಳ್ಳಲಿ. ಪದ್ಮ. ಎರಡೇ ಅಕ್ಷರ, ಯಾರು ಬೇಕಾದರೂ ಹೇಳಬಹುದು.