ಕೃಷ್ಣಯ್ಯಣ್ಣನ ಇನ್ನೊಂದು ನೆಕ್

ಬಾಗಲಗುಂಟೆಯ ಕೃಷ್ಣಯ್ಯಣ್ಣ ಹಗಲು ಲೇತ್ ಮೆಷಿನ್ ಮುಂದೆ ನಿಲ್ಲುವ ಮನುಷ್ಯ, ಸಂಜೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವ ಮನುಷ್ಯ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು ಅಂತ ಮೂವತ್ತು ವರ್ಷ ಊರೆಲ್ಲ ಸುತ್ತಿದ್ದಾರೆ. ವೇದಿಕೆಯಲ್ಲಿ ಯಾವಾಗಲೂ ಹಿಂದೆ, ಡ್ರಮ್ಮಿನವನ ಪಕ್ಕ. ಫೋಟೊಗಳಲ್ಲಿ ಅವರ ಅರ್ಧ ಕಿವಿ ಮಾತ್ರ ಸಿಗುತ್ತದೆ. ಕೀಬೋರ್ಡಿನವನಾದ ನಾನು ಮುಂದೆ ಕೂತು ಹಲ್ಲು ಕಿರಿಯುತ್ತಿರುತ್ತೇನೆ.

ಅವರು ಎಡಚರು. ಎಡಚರ ಬೇಸ್ ಗಿಟಾರ್ ಈ ಊರಲ್ಲಿ ಯಾರ ಹತ್ತಿರವೂ ಎರವಲು ಸಿಗುವುದಿಲ್ಲ. ಅವರ ಗಿಟಾರಿನ ನೆಕ್ಕಿನಲ್ಲಿ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಉದ್ದನೆಯ ಮರದ ಕತ್ತಿನಲ್ಲಿ, ಕೂದಲೆಳೆಯ ಬಿರುಕೊಂದಿತ್ತು. ಅದು ಕೈಕೊಡುವ ದಿನಕ್ಕೆಂದು, ಮದರಾಸಿನಲ್ಲಿ ಒಂದು ಸ್ಟುಡಿಯೊ ಮುಚ್ಚಿದಾಗ ಹೋಗಿ ಇನ್ನೊಂದು ನೆಕ್ ತಂದಿಟ್ಟುಕೊಂಡಿದ್ದರು. ಒಳಗಿನ ಕಬ್ಬಿಣದ ಸರಳನ್ನು ಕೊಂಚ ಸಡಿಲಿಸಿ, ಹತ್ತಿ ಬಟ್ಟೆ ಸುತ್ತಿ, ಶೂ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಜೊತೆಗಿಟ್ಟು, ಪ್ಲೈವುಡ್ ಪೆಟ್ಟಿಗೆಯಲ್ಲಿ ಮಂಚದ ಕೆಳಗೆ ಮಲಗಿಸಿದ್ದರು. ಸಜ್ಜೆಯ ಮೇಲಿಟ್ಟರೆ ಕಾವು, ಗೋಡೆಗೆ ತಾಗಿಸಿದರೆ ಶೀತ. ಮೂರು ತಿಂಗಳಿಗೊಮ್ಮೆ ತೆಗೆದು ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುವರು. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಅವರ ಹೆಂಡತಿ ಗೋಪಾಲಮ್ಮ ಆ ಪೆಟ್ಟಿಗೆಯನ್ನು ಬಾಣಂತಿ ಎಂದೇ ಕರೆಯುತ್ತಿದ್ದರು.

ಹೋದ ವರ್ಷ ಹಳೇ ಮನೆ ಕೆಡವಿ ಕಟ್ಟಿಸುವುದಕ್ಕೆಂದು ಸೋಲದೇವನಹಳ್ಳಿಯ ಬಾಡಿಗೆ ಕೋಣೆಗೆ ಹೋದರು. ಅಲ್ಲಿ ಗೋಡೆಯೆಲ್ಲ ಒದ್ದೆ. ಪೆಟ್ಟಿಗೆ ನನ್ನ ಕೈಗೆ ಬಂತು. ಎಲ್ಲ ವಿವರಿಸಿ ಕೊನೆಗೆ, ಪೂಜೆ ಮಾಡುವುದಾದರೆ ಪೆಟ್ಟಿಗೆಗೆ ಮಾಡು, ಒಳಗಿನದಕ್ಕೆ ನೀರು ಸೋಕಿಸಬೇಡ ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ತಿಂಗಳೊಳಗೆ ಆಯುಧ ಪೂಜೆ ಬಂತು. ನನ್ನ ಹೆಂಡತಿ ರಾಧಾಮಣಿ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನನ್ನ ಕೀಬೋರ್ಡು ಎಲ್ಲವನ್ನೂ ಒರೆಸಿಟ್ಟಳು. ನನಗೆ ಪೆಟ್ಟಿಗೆ ನೆನಪಾಯಿತು. ಅನ್ನ ಕೊಡುವ ವಸ್ತುವನ್ನು ಆ ದಿನವೂ ಕತ್ತಲಲ್ಲಿ ಮಲಗಿಸಿದರೆ ಕೃಷ್ಣಯ್ಯಣ್ಣನಿಗೇ ಕೆಡುಕು ಅನ್ನಿಸಿತು. ನೀರಿನ ಮಾತು ಬಾಕಿ ದಿನಗಳಿಗೆ ಎಂದುಕೊಂಡೆ. ನೆಕ್ಕನ್ನು ಹೊರತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕಲಸಿ ಹಚ್ಚಿ, ಕುಂಕುಮವಿಟ್ಟು, ನೀರು ಚಿಮುಕಿಸಿದ ಚೆಂಡುಹೂವಿನ ಹಾರ ಸುತ್ತಿದೆ. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ಮಾರನೆಯ ದಿನ ಅರಿಶಿನ ಹೋಗಲೆಂದು ನಲ್ಲಿಯ ಕೆಳಗೆ ಹಿಡಿದು ತೊಳೆದೆ, ತಾರಸಿಯ ಬಿಸಿಲಲ್ಲಿಟ್ಟೆ, ಅರೆಬರೆ ಒಣಗಿದ್ದನ್ನು ಸುತ್ತಿ ಪೆಟ್ಟಿಗೆಗೆ ಹಾಕಿದೆ. ಪುಣ್ಯದ ಕೆಲಸ ಮಾಡಿದ ಖುಷಿ ಬೇರೆ.

ಮೂರು ತಿಂಗಳಿಗೊಮ್ಮೆ ಅವರ ಫೋನ್ ಬರುತ್ತಿತ್ತು. ತೆಗೆದು ನೋಡಿದೆಯಾ ಎಂದು ಕೇಳುವರು. ನೋಡಿದೆ ಅಣ್ಣ, ನೆಟ್ಟಗಿದೆ ಎನ್ನುತ್ತಿದ್ದೆ. ಒಂದು ಸಲವೂ ನೋಡಿರಲಿಲ್ಲ. ಮಂಚದ ಕೆಳಗೆ ಬಗ್ಗುವುದಕ್ಕೆ ಸೋಮಾರಿತನ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ನನಗೂ ಒಂದಿಷ್ಟು ಸಮಾಧಾನವಿರುತ್ತಿತ್ತು.

ಈ ಸಲ ಗಣೇಶನ ಹಬ್ಬಕ್ಕೆ ಬಾಗಲಗುಂಟೆಯ ಅವರ ಬೀದಿಯಲ್ಲೇ ಆರ್ಕೆಸ್ಟ್ರಾ. ಹಬ್ಬ ನಡೆಸುವ ಸಂಘದ ಅನಂತರಾಜು, ಬೇಸ್ ಗಿಟಾರ್ ಯಾಕೆ, ಬಾಲರಾಜ್ ಕೀಬೋರ್ಡಿನಲ್ಲೇ ಎಡಗೈಯಲ್ಲಿ ಆ ತಗ್ಗಿನ ಸ್ವರ ಹಾಕುತ್ತಾನಲ್ಲ ಎಂದು ನನ್ನ ಹೆಸರು ಹೇಳಿದ್ದ. ಈಗ ಎಲ್ಲ ಕಡೆಯೂ ಹಾಗೇ. ವರ್ಷವಿಡೀ ಕೃಷ್ಣಯ್ಯಣ್ಣನನ್ನು ಒಬ್ಬರೂ ಕರೆದಿರಲಿಲ್ಲ. ಯಾರನ್ನೂ ಏನೂ ಕೇಳುವ ಜಾಯಮಾನದವರಲ್ಲ ಅವರು. ಆದರೂ ತಮ್ಮ ಬೀದಿಯಲ್ಲಿ ಒಂದು ಸಲ ನುಡಿಸಬೇಕೆಂದು ತಾವೇ ಹೋಗಿ ಕೇಳಿ ಒಪ್ಪಿಸಿ ಬಂದರು. ಹಬ್ಬಕ್ಕೆ ವಾರವಿರುವಾಗ ಹಳೇ ನೆಕ್ ಬಿರುಕಿನ ಜಾಗದಲ್ಲಿ ಎರಡಾಯಿತು. ನನಗೆ ಫೋನ್ ಮಾಡಿದಾಗ ಅವರ ದನಿಯಲ್ಲಿ ಗಾಬರಿಯೇ ಇರಲಿಲ್ಲ. ಇನ್ನೊಂದು ಇದೆಯಲ್ಲ, ತಂದುಕೊಡು ಎಂದರು.

ಪೆಟ್ಟಿಗೆ ತೆರೆದೆ. ನೆಕ್ಕಿನ ತಲೆ ಒಂದು ಕಡೆಗೆ, ಬುಡ ಇನ್ನೊಂದು ಕಡೆಗೆ ಹೊರಳಿತ್ತು, ನನ್ನಂಥವನಿಗೂ ಕಾಣುವಷ್ಟು. ಆರ್.ಟಿ. ನಗರದಲ್ಲಿ ಗಿಟಾರ್ ರಿಪೇರಿ ಮಾಡುವ ಖುರ್ಷೀದ್ ಹತ್ತಿರ ಓಡಿದೆ. ಬರೀ ಬಾಗಿದ್ದರೆ ಸರಳು ತಿರುಗಿಸಿ ಎಳೆಯಬಹುದಿತ್ತು, ತಿರುಚಿದ್ದಕ್ಕೆ ಈಗ ಮದ್ದಿಲ್ಲ, ಮೊದಲ ತಿಂಗಳಲ್ಲೇ ತಂದಿದ್ದರೆ ಉಳಿಸುತ್ತಿದ್ದೆ ಎಂದರು. ವಾರದೊಳಗೆ ಎಡಚರ ನೆಕ್ ಎಲ್ಲಿಂದಲೂ ಬರುವುದಿಲ್ಲವಂತೆ. ವಾಪಸು ಬರುವಾಗ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು, ಗಾಡಿಯಿಂದ ಬಿದ್ದು ಮುರಿಯಿತು ಎಂದುಬಿಡಲೇ ಎಂದು ಯೋಚಿಸಿದೆ. ಅದನ್ನು ಕಾಲಿನಿಂದ ಒತ್ತಿ ಮುರಿಯುವ ಜಾಗ ಯಾವುದು ಅಂತಲೂ ನೋಡಿದೆ.

ಮುರಿಯಲಿಲ್ಲ. ಸೋಲದೇವನಹಳ್ಳಿಗೆ ಹೋಗಿ ಅವರ ಕೈಗೆ ಕೊಟ್ಟೆ. ಅವರು ಉದ್ದಕ್ಕೂ ನೋಡಿದರು. ಲೋಹದ ಪಟ್ಟಿಗಳ ಸಂದಿಯಲ್ಲಿ ಉಳಿದಿದ್ದ ಅರಿಶಿನವನ್ನು ಉಗುರಿನಿಂದ ಕೆರೆದರು. ನಾನು ಎಲ್ಲ ಹೇಳಿದೆ, ಫೋನಿನ ಸುಳ್ಳನ್ನೂ ಹೇಳಿದೆ.

"ನೀರು ಹಾಕಿದ್ದು ದೇವ್ರಿಗೆ ಅಂತ ಮಾಡ್ದೆ, ಬಿಡು," ಅಂದರು. "ನೋಡ್ದೆ ಅಂದ್ಯಲ್ಲೋ ಬಾಲ. ನೀನು ನೋಡಿದೀಯ ಅಂತ ನಾನು ನೆಮ್ಮದಿಯಾಗಿ ಮಲಗ್ತಿದ್ದೆ ಕಣೋ."

ನಾಚಿಕೆಯಿಂದ ಸತ್ತಂತಾಯಿತು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ, ಅದಕ್ಕೂ ಅವರು ಅವಕಾಶ ಕೊಡಲಿಲ್ಲ. ಗೋಪಾಲಮ್ಮ ಕಾಫಿ ತಂದಿಟ್ಟರು. ಮಾನಗೆಟ್ಟವನು, ಅದನ್ನೂ ಕುಡಿದೆ.

ಹಬ್ಬದ ಸಂಜೆ ಅವರ ಭಾಗವನ್ನು ನಾನೇ ಎಡಗೈಯಲ್ಲಿ ನುಡಿಸಿದೆ. ಕೃಷ್ಣಯ್ಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಮೂರನೇ ಸಾಲಿನಲ್ಲಿ ಕೂತು ಕೊನೆಯ ಹಾಡಿನವರೆಗೂ ಕೇಳಿದರು. ಮುಗಿದ ಮೇಲೆ ಅನಂತರಾಜು ಅವರ ಎದುರಿಗೇ ನನ್ನ ಬೆನ್ನು ತಟ್ಟಿದ.

"ಬೇಸ್ ಗಿಟಾರ್ ಇಲ್ಲ ಅಂತ ಗೊತ್ತೇ ಆಗ್ಲಿಲ್ಲ ಗುರು," ಅಂದ.

ಕೃಷ್ಣಯ್ಯಣ್ಣ ನನ್ನ ಮುಖ ನೋಡಿದರು. "ಹೌದು, ಗೊತ್ತಾಗ್ಲಿಲ್ಲ," ಎಂದು ಹೇಳಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟರು.