ಅಧ್ಯಕ್ಷರು ಹೇಳಿದ್ದು, ಮಾಸ್ಟ್ರು ಹೇಳಿದ್ದು

ನಮ್ಮ ಆಫೀಸಿನ ಸ್ಟೆನೊ ಮಾಸ್ಟ್ರ ಎಡಗಿವಿ ಬಲಗಿವಿಗಿಂತ ಯಾವಾಗಲೂ ಒಂದು ಬಣ್ಣ ಹೆಚ್ಚು ಕೆಂಪು. ಕುವೈತಿನ ಮೈದಾನ್ ಹವಲ್ಲಿಯ ಅವರ ಕೋಣೆಗೂ ಪಕ್ಕದ ಸಂಸಾರದ ಕೋಣೆಗೂ ನಡುವೆ ಇದ್ದದ್ದು ಬರೀ ಪ್ಲೈವುಡ್. ಆಚೆ ಮಕ್ಕಳು ಮಲಗಿರುತ್ತವೆಂದು ಟ್ರಾನ್ಸಿಸ್ಟರನ್ನು ಸಣ್ಣಗಿಟ್ಟು, ಕಿವಿಗೆ ಒತ್ತಿ ಹಿಡಿದು ಬೆಳಗಿನ ಇಂಗ್ಲಿಷ್ ವಾರ್ತೆ ಕೇಳುತ್ತಿದ್ದರು. ಅಮೆರಿಕದ ಅಧ್ಯಕ್ಷರು ಏನು ಹೇಳಿದರು, ಯಾವ ಆದೇಶಕ್ಕೆ ಸಹಿ ಹಾಕಿದರು ಎಂಬುದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಂಡು ಶುವೈಖಿನ ನಮ್ಮ ಆಫೀಸಿಗೆ ಬರುವರು. ಅವರು ಓದುವುದು, ನಾನು ಟೈಪ್ ಮಾಡುವುದು, ಈಜಿಪ್ಟಿನ ಮಿಸ್ರಿ ಮ್ಯಾನೇಜರು ಚಹಾ ಹೀರುತ್ತ ನೋಡುವುದು. ನಮ್ಮದು ಹಡಗಿನ ಬಿಡಿಭಾಗ ಮಾರುವ ಕಂಪನಿ. ಇರಾನ್-ಇರಾಕ್ ಯುದ್ಧ ಕೊಲ್ಲಿಯ ನೀರಿಗೂ ಇಳಿದು, ಎಣ್ಣೆ ಹಡಗುಗಳ ಮೇಲೆ ಕ್ಷಿಪಣಿ ಬೀಳುತ್ತಿದ್ದ ಕಾಲ ಅದು. ವಾಷಿಂಗ್ಟನ್ನಿನಲ್ಲಿ ಒಬ್ಬರು ಬಾಯಿ ತೆರೆದರೆ ಇಲ್ಲಿ ನಮ್ಮ ಆರ್ಡರು ನಿಲ್ಲುತ್ತಿತ್ತು.

ನನಗೆ ಶಾರ್ಟ್‌ಹ್ಯಾಂಡ್ ಕಲಿಸಿದವರೂ ಅವರೇ. "ಸ್ಟೆನೊಗೆ ಸ್ವಂತ ಅಭಿಪ್ರಾಯ ಇರ್ಬಾರ್ದು ಮಾರಾಯ್ತಿ. ಹೇಳಿದ್ದನ್ನು ಬರಿ, ಹೇಳದ್ದನ್ನು ಬಿಡು" ಎನ್ನುತ್ತಿದ್ದರು. ರೇಡಿಯೊ ಗರಗರ ಎಂದು ಒಂದು ಮಾತು ನುಂಗಿದರೆ ಅಲ್ಲಿ ಜಾಗ ಖಾಲಿ ಬಿಡುವರೇ ಹೊರತು ಊಹಿಸಿ ತುಂಬುವವರಲ್ಲ. ಒಮ್ಮೆ ಇರಾನಿನ ಸರಕು ಅಮೆರಿಕಕ್ಕೆ ಬರಕೂಡದೆಂದು ಅಧ್ಯಕ್ಷರ ಆದೇಶ ಹೊರಟಿತು. ಮ್ಯಾನೇಜರ ಭಾವನ ಗೋದಾಮಿನ ತುಂಬ ಅಮೆರಿಕಕ್ಕೆ ಕಳಿಸಬೇಕಿದ್ದ ಇರಾನಿ ರತ್ನಗಂಬಳಿ. ಯುದ್ಧಕ್ಕೆ ಮೊದಲೇ ತಂದಿಟ್ಟ ಮಾಲಿಗೆ ತೊಂದರೆ ಇಲ್ಲ ತಾನೇ ಎಂದು ಆ ಮನುಷ್ಯ ಗೋಗರೆದರೂ ಮಾಸ್ಟ್ರದು ಒಂದೇ ಉತ್ತರ: "ಅಷ್ಟು ರೇಡಿಯೊದಲ್ಲಿ ಹೇಳ್ಲಿಲ್ಲ ಸರ್."

ಬಿಲ್ಡಿಂಗಿನ ಮೆಟ್ಟಿಲಲ್ಲಿ ಹೆಂಗಸರು ತಡೆದು, "ಯುದ್ಧ ಇಲ್ಲಿಗೂ ಬರ್ತದಾ ಮಾಸ್ಟ್ರೇ? ಮಕ್ಕಳನ್ನು ಊರಿಗೆ ಕಳಿಸುವುದಾ?" ಎಂದು ಕೇಳುವರು. "ಅದು ಅವ್ರು ಹೇಳ್ಲಿಲ್ಲ." ಛೆ, ಒಂದು ಸಮಾಧಾನದ ಮಾತಾಡಿದರೆ ಇವರ ಗಂಟೇನು ಹೋಗುತ್ತಿತ್ತು! ಬರಬರುತ್ತ ಆ ಹೆಂಗಸರು ಕೇಳುವುದನ್ನೂ ಬಿಟ್ಟರು, ಊಟಕ್ಕೆ ಕರೆಯುವುದನ್ನೂ ಬಿಟ್ಟರು. ಶುಕ್ರವಾರ ಇಡೀ ಬಿಲ್ಡಿಂಗ್ ಮೀನು ಹುರಿಯುವಾಗ ಮಾಸ್ಟ್ರು ಅಂಗಡಿಯ ಕುಬ್ಬೂಸ್ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಒಬ್ಬರೇ ತಿನ್ನುತ್ತಿದ್ದರು. ಊರಿನಲ್ಲಿ ಹೆಂಡತಿ ತೀರಿಹೋಗಿ ಆಗಲೇ ಎಂಟು ವರ್ಷ. ಮಕ್ಕಳಿರಲಿಲ್ಲ.

ನನ್ನ ಗಂಡ ಆಗ ಎಣ್ಣೆ ಹಡಗೊಂದರಲ್ಲಿ ಫಿಟ್ಟರ್. ಕೊಲ್ಲಿಯಲ್ಲೇ ಅತ್ತಿಂದಿತ್ತ ಓಡಾಟ. ಕುವೈತಿನ ಎಣ್ಣೆ ಹಡಗುಗಳಿಗೆ ಅಮೆರಿಕದ ಯುದ್ಧನೌಕೆ ಕಾವಲು ಬರುತ್ತದೆಂದು ಅಧ್ಯಕ್ಷರು ಹೇಳಿದ ದಿನ ಆಫೀಸಿನಲ್ಲಿ ಹಬ್ಬ. ಮ್ಯಾನೇಜರು ಎಲ್ಲರಿಗೂ ಬಕ್ಲಾವಾ ತರಿಸಿ, "ಖಲಾಸ್! ಇನ್ನು ಹೆದರಿಕೆ ಖಲಾಸ್!" ಎಂದರು. ನಾನು ಎರಡು ತುಂಡು ತಿಂದೆ. ಮಾಸ್ಟ್ರು ಮುಟ್ಟಲಿಲ್ಲ. ನನ್ನ ಮೇಜಿನ ಬಳಿ ಬಂದು ನಿಂತರು.

"ನಿನ್ನ ಯಜಮಾನರ ಹಡಗಿಗೆ ಯಾವ ಬಾವುಟ?"

"ಯಾವುದೋ ಸಣ್ಣ ದೇಶದ್ದು. ಎಂತಕ್ಕೆ?"

"ಬಾವುಟ ಬದಲಿಸಿ ಅಮೆರಿಕದ್ದು ಹಾರಿಸುವ ಹಡಗಿಗೆ ಮಾತ್ರ ಕಾವಲು. ಅಧ್ಯಕ್ಷರು ಹೇಳಿದ್ದು ಅಷ್ಟೇ."

ಬಾಯಲ್ಲಿದ್ದ ಸಿಹಿ ನುಂಗಲಾಗಲಿಲ್ಲ. ಸಿಟ್ಟು ನೆತ್ತಿಗೇರಿತು. ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಇನ್ನೊಂದು ಹಡಗಿಗೆ ಬೆಂಕಿ ಬಿತ್ತೆಂಬ ಸುದ್ದಿ ಬಂತು. ಅದು ನನ್ನ ಗಂಡನ ಹಡಗಲ್ಲ, ಆದರೂ ಟೈಪ್ ಮಾಡುತ್ತಿದ್ದ ಕಾಗದವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಗಂಡ ಕರಾರು ಮುರಿದು ನಡುವೆಯೇ ಇಳಿದರೆ ಮತ್ತೆ ಯಾವ ಹಡಗಿನಲ್ಲೂ ಕೆಲಸ ಸಿಗದು. ಇಳಿಯದಿದ್ದರೆ? ಮಾಸ್ಟ್ರ ಮುಂದೆ ಹೋಗಿ ಅತ್ತೇಬಿಟ್ಟೆ. "ಅಧ್ಯಕ್ಷರು ಹೇಳಿದ್ದು ಸಾಕು. ನೀವೆಂತ ಹೇಳ್ತೀರಿ, ಅದು ಹೇಳಿ."

ಅವರು ಶಾರ್ಟ್‌ಹ್ಯಾಂಡ್ ಪುಸ್ತಕ ಮುಚ್ಚಿದರು. ಪೆನ್ಸಿಲು ಕೆಳಗಿಟ್ಟರು.

"ಇಳಿಯಲಿಕ್ಕೆ ಹೇಳು. ನಾಳೆ ತಪ್ಪಾದ್ರೆ, ಮಾಸ್ಟ್ರು ಹೇಳಿದ್ದು ಅಂತ ಹೇಳು."

ಅವತ್ತೇ ಗಂಡನ ಹಡಗಿಗೆ ಟೆಲೆಕ್ಸ್ ಸಂದೇಶ ಕಳಿಸಿದೆ. ಮುಂದಿನ ಬಂದರಿನಲ್ಲಿ ಇಳಿದು, ಮುಖ ಊದಿಸಿಕೊಂಡು ಗಂಡ ಬಂದರು. ಆಮೇಲೆ ತಿಂಗಳು ತಿಂಗಳು ಕಾದರೂ ಆ ಹಡಗಿಗೆ ಏನೂ ಆಗಲಿಲ್ಲ. ದೇವರು ದೊಡ್ಡವನು, ಅದರಲ್ಲಿದ್ದವರೆಲ್ಲ ಕ್ಷೇಮ. ಇವರಿಗೆ ಮಾತ್ರ ಎಲ್ಲಿಯೂ ಕೆಲಸವಿಲ್ಲ. ಯಾರ ಮಾತು ಕಟ್ಟಿಕೊಂಡು ಹೀಗೆ ಮಾಡಿದೆ ಎಂದು ಒಂದು ಮಧ್ಯಾಹ್ನ ಪಾತ್ರೆ ಎಸೆದು ಕೇಳಿದಾಗ ನನ್ನ ಬಾಯಿಂದ ಬಂದೇಬಿಟ್ಟಿತು: "ಮಾಸ್ಟ್ರು ಹೇಳಿದ್ದು."

ಮರುದಿನ ಗಂಡ ಆಫೀಸಿಗೇ ನುಗ್ಗಿದರು. "ಅಮೆರಿಕದ ಪ್ರೆಸಿಡೆಂಟ್ ಹೇಳಿದ್ನಾ ನನ್ನ ಕೆಲಸ ತೆಗೀಲಿಕ್ಕೆ? ಹೇಳಿ!"

ಮಾಸ್ಟ್ರು ಎದ್ದು ನಿಂತರು. "ಇಲ್ಲ. ಅವ್ರು ಹೇಳ್ಲಿಲ್ಲ. ನಾನೇ ಹೇಳಿದ್ದು."

ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನು ಟೈಪ್ ಮಾಡುತ್ತಲೇ ಇದ್ದೆ. ಏನು ಟೈಪ್ ಮಾಡಿದೆನೋ ದೇವರೇ ಬಲ್ಲ.

ಅಲ್ಲಿಂದ ಮುಂದೆ ನಮ್ಮ ನಡುವೆ ಅಧ್ಯಕ್ಷರ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಬೇರೆ ಬಾವುಟದ ಹಡಗುಗಳೂ ಆಪತ್ತಿನಲ್ಲಿ ಕೂಗಿದರೆ ನೆರವಾಗುತ್ತೇವೆಂದು ಅಮೆರಿಕ ಹೇಳಿದ ದಿನ ಅದನ್ನೂ ಓದಿ ಹೇಳಿದರು. ಆ ಸಾಲನ್ನು ಮಾತ್ರ ಎರಡು ಸಲ ಓದಿದರು. ನಾನು ತಲೆಯೆತ್ತಲಿಲ್ಲ. ಯುದ್ಧ ಮುಗಿದ ಮರುವರ್ಷ ಒಂದು ಶನಿವಾರ ಅವರು ಆಫೀಸಿಗೆ ಬರಲಿಲ್ಲ. ಭಾನುವಾರವೂ ಇಲ್ಲ. ಪಕ್ಕದ ಮನೆಯವರು ಬಾಗಿಲು ಮುರಿದು ನೋಡಿದರೆ ಎಲ್ಲ ಮುಗಿದಿತ್ತು. ದೇಹ ಬಿಡಿಸಿಕೊಳ್ಳಲು ಆಸ್ಪತ್ರೆಗೆ ಯಾರು ಹೋಗುತ್ತೀರಿ ಎಂದು ಮ್ಯಾನೇಜರು ಕೇಳಿದರು. ಗಂಡ ಏನೆನ್ನುವರೋ ಎಂದು ನಾನು ಹೋಗಲಿಲ್ಲ. ಇಂಥ ಪಾಪಕ್ಕೆ ಯಾವ ನೆಪವೂ ಸಾಲದು.

ಈಗ ಮಂಗಳೂರಿನ ಫ್ಲಾಟಿನಲ್ಲಿ ನಾವಿಬ್ಬರೇ. ಗಂಡನಿಗೆ ಎಪ್ಪತ್ತು ದಾಟಿದೆ. ಮನೆಗೆ ಯಾರೇ ಬರಲಿ, "ಆ ಹಡಗಿಗೆ ಏನಾಯ್ತು? ಏನೂ ಆಗ್ಲಿಲ್ಲ!" ಎಂದು ಮೇಜು ಕುಟ್ಟುವುದು ತಪ್ಪಿಲ್ಲ. ಹೋದ ತಿಂಗಳು ನನ್ನ ತಾಳ್ಮೆ ಕೆಟ್ಟಿತು. ಬಡಿಸುತ್ತಿದ್ದ ಸೌಟು ಕೆಳಗಿಟ್ಟು ಹೇಳಿದೆ: "ಮಾಸ್ಟ್ರನ್ನು ಬೈಬೇಡಿ. ನಿಮ್ಮನ್ನು ಇಳಿಸಿದ್ದು ನಾನು. ನಾನು ಅತ್ತು ಕೇಳಿದ್ದಕ್ಕೇ ಅವರು ಹೇಳಿದ್ದು."

ಅವರು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟರು.

"ಗೊತ್ತುಂಟು," ಎಂದರು. "ಆವತ್ತೇ ಗೊತ್ತಿತ್ತು. ನಿನ್ನನ್ನು ಬೈಲಿಕ್ಕೆ ಮನಸ್ಸು ಬರ್ಲಿಲ್ಲ. ಅವರಿಗಾದ್ರೆ ಹಿಂದೆ ಮುಂದೆ ಯಾರೂ ಇರ್ಲಿಲ್ಲ ಅಲ್ವಾ."

ಆ ದಿನ ನಮ್ಮಿಬ್ಬರಿಗೂ ಅನ್ನ ಸೇರಲಿಲ್ಲ.